ಹಾಲಪ್ಪನವರ ನಳಿಗೆ

ನನ್ನ ಗಂಡನ ಹೆಸರು ಉಗ್ರಪ್ಪ. ಹೆಸರಿಗೆ ತಕ್ಕಂತೆ ಒಂದು ದಿನವೂ ನಡೆದುಕೊಂಡವರಲ್ಲ. ಸೊಪ್ಪಿನವಳು ಒಂದು ಕಟ್ಟು ಕಡಿಮೆ ಕೊಟ್ಟರೆ ಅವಳೆದುರು ಬಾಯಿ ಬಿಡದೆ, ಒಳಗೆ ಬಂದು ನನ್ನೆದುರು ಗೊಣಗುವ ಪೈಕಿ. ಆದರೆ ಕೈಗೆ ಬಂದೂಕು ಬಂದರೆ ಎದೆ ಒಂದು ಗೇಣು ಮುಂದೆ ಬರುತ್ತಿತ್ತು. ಹತ್ತೊಂಬತ್ತು ವರ್ಷದಿಂದ ನಮ್ಮ ಹೊಸ್ತಿಲ ಮೇಲೆ ಒಂದು ಗುಂಡೂ ಬಿದ್ದಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಅದರಲ್ಲಿ ಮೊದಲ ಹದಿನೇಳು ವರ್ಷದ ಕೀರ್ತಿ ಅವರದು. ಕಡೆಯ ಎರಡು ವರ್ಷದ್ದು ನನ್ನ ಪೊರಕೆಯದು.

ನಮ್ಮೂರಿನಲ್ಲಿ ಗುರಿ ತಪ್ಪಿದ ಗುಂಡು ಮರುದಿನ ನಸುಕಿನಲ್ಲಿ ಮನೆಗೆ ವಾಪಸು ಬರುತ್ತದೆ. ತಣ್ಣಗಾಗಿ, ಯಾರಿಗೂ ನೋವು ಮಾಡದೆ, ಹೊಸ್ತಿಲ ಮೇಲೆ ಟಣ್ ಎಂದು ಬೀಳುತ್ತದೆ. ಗುರಿಗೆ ತಗುಲಿದ್ದು ಅಲ್ಲೇ ಉಳಿಯುತ್ತದೆ. ಇಲ್ಲಿ ಯಾರೂ ಬೇಟೆಯಾಡುವುದಿಲ್ಲ, ಜಗಳಕ್ಕೆ ಬಂದೂಕು ಎತ್ತಿದ್ದನ್ನು ನಾನಂತೂ ಕೇಳಿಲ್ಲ. ಬೇರೆ ಕಡೆಯವರು ಸಂಜೆ ವಾಕಿಂಗ್ ಹೋಗುವ ಹೊತ್ತಿಗೆ ನಮ್ಮವರು ಗುರಿಬಯಲಿಗೆ ಹೋಗುತ್ತಾರೆ. ಸುಣ್ಣದ ಗುಡ್ಡದ ಬುಡದಲ್ಲಿ ನಿಲ್ಲಿಸಿರುವ ಹಲಗೆಗಳಿಗೆ ತಲಾ ಹತ್ತು ಗುಂಡು ಹೊಡೆದು, ಕಡಲೆಪುರಿ ತಿಂದು, ಮನೆಗೆ ಬರುತ್ತಾರೆ. ಹಲಗೆಯ ಹತ್ತಿರ ಹೋಗಿ ನೋಡುವ ಅಭ್ಯಾಸ ಯಾರಿಗೂ ಇಲ್ಲ. ಬೆಳಿಗ್ಗೆ ಹೊಸ್ತಿಲೇ ಹೇಳುವಾಗ ಬಿಸಿಲಲ್ಲಿ ಅಷ್ಟು ದೂರ ಯಾಕೆ ನಡೆಯಬೇಕು?

ಇದಕ್ಕೆ ತಕ್ಕಂತೆ ನಾವೆಲ್ಲ ಹೊಂದಿಕೊಂಡಿದ್ದೇವೆ. ಮರದ ಹೊಸ್ತಿಲು ನಗ್ಗಿಹೋಗುತ್ತದೆಂದು ಎಲ್ಲರ ಮನೆಯಲ್ಲೂ ಕಲ್ಲಿನದು. ಗಂಡಿನ ಮನೆ ನೋಡಲು ಹೋಗುವವರು ಬೆಳಗಿನ ಐದೂವರೆಗೇ ಹೋಗಿ, "ಹೀಗೇ ಈ ಕಡೆ ಬಂದಿದ್ವಿ" ಎಂದು ನೆಲ ನೋಡುತ್ತಾ ನಿಲ್ಲುತ್ತಾರೆ. ಯಾರ ಮನೆಯಲ್ಲಿ ಎಷ್ಟು ಬಿದ್ದಿವೆ ಎಂಬ ವರದಿಯನ್ನು ಹಾಲಿನ ಕೆಂಪಕ್ಕ ಅರ್ಧ ಲೀಟರಿನ ಜೊತೆಗೆ ಬಿಟ್ಟಿಯಾಗಿ ಕೊಡುತ್ತಾಳೆ. ನಮ್ಮೂರಿನ ಗಂಡಸರು ಜಂಬ ಕೊಚ್ಚುವುದು ಕಡಿಮೆ ಎಂದು ಹೊರಗಿನವರು ಹೊಗಳುತ್ತಾರೆ. ಕೆಂಪಕ್ಕ ಇರುವ ಊರಿನಲ್ಲಿ ಇನ್ನೇನು ಮಾಡಿಯಾರು?

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೋದಾಗ ನಮ್ಮ ಹೊಸ್ತಿಲ ಮೇಲೂ ಒಂದು ಗುಂಡು ಬಿದ್ದಿತ್ತು. ಪಕ್ಕದ ಮನೆಯದು ಉರುಳಿ ಬಂದಿರಬೇಕೆಂದು ಆ ಕಡೆಗೆ ಒದ್ದೆ. ಮರುದಿನ ಎರಡು. ಆಗ ತಿಳಿಯಿತು. ಇವರಿಗೆ ಅರವತ್ತೇಳು ವರ್ಷ, ಕಣ್ಣಿಗೆ ಪೊರೆ ಬರುತ್ತಿತ್ತು. ಪೇಪರನ್ನು ಮಾರುದೂರ ಹಿಡಿದು, "ಈಗಿನೋರಿಗೆ ಮಸಿ ಹಾಕೋಕ್ಕೂ ಬರಲ್ಲ" ಎಂದು ಅಚ್ಚು ಹಾಕಿದವರನ್ನು ಬೈಯುತ್ತಿದ್ದರು. ಅಂದೇ ಹೇಳಿಬಿಡಬಹುದಿತ್ತು. ಆದರೆ ಅವರು ಕಾಫಿ ಲೋಟ ಹಿಡಿದು ಹೊರಗೆ ಬಂದು, ನಾನು ಗುಡಿಸಿದ ಹೊಸ್ತಿಲನ್ನು ನೋಡಿ, ಯಾರಿಗೂ ಕಾಣದ ಹಾಗೆ ಸಣ್ಣಗೆ ನಕ್ಕರು. ಭೂಮಾಪನ ಇಲಾಖೆಯಿಂದ ನಿವೃತ್ತರಾದ ಮೇಲೆ ಈ ಮನುಷ್ಯನನ್ನು ಒಂದು ಮಾತು ಕೇಳಲು ಯಾರೂ ಬರುತ್ತಿರಲಿಲ್ಲ. ಬೀದಿಯಲ್ಲಿ ಜನ ನಿಂತು ನಮಸ್ಕಾರ ಹೇಳುತ್ತಿದ್ದುದು ಈ ಖಾಲಿ ಹೊಸ್ತಿಲಿಗೆ. ಅದೂ ಹೋದರೆ ಇವರು ಏನನ್ನು ಹಿಡಿದುಕೊಂಡು ಬದುಕುತ್ತಾರೆ ಎಂದು ನನಗೆ ನಿಜವಾಗಿಯೂ ಭಯವಾಯಿತು.

ಹಾಗಾಗಿ ನಾನು ನಾಲ್ಕೂವರೆಗೆ ಏಳತೊಡಗಿದೆ. ಗುಂಡುಗಳನ್ನು ಬಳಿದು ಕರಿಬೇವಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚುತ್ತಿದ್ದೆ. ಮೊದಲು ಒಂದೆರಡು ಇದ್ದದ್ದು ನಾಲ್ಕಾಯಿತು, ಐದಾಯಿತು. ಇವರದು ದಪ್ಪ ತೋಟಾದ ಬಂದೂಕು. ಹೆಬ್ಬೆರಳಿನಂಥ ಗುಂಡು ಕಲ್ಲಿನ ಮೇಲೆ ಬಿದ್ದರೆ ಆ ಶಬ್ದಕ್ಕೆ ಎದುರುಮನೆಯ ನಾಯಿ ಏಳುತ್ತಿತ್ತು. ಹೊಸ್ತಿಲ ಮೇಲೆ ಗೋಣಿಚೀಲ ಹಾಸಿದೆ. "ಇದ್ಯಾಕೆ?" ಎಂದರು. "ಕಾಲು ಒರೆಸೋಕೆ" ಎಂದೆ. "ಕಾಲು ಒರೆಸೋಕೆ ನಾಲ್ಕು ಮಡಿಕೆ ಬೇಕೇನೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಲ್ಲುಜ್ಜಲು ಹೋದರು. ಇನ್ನು ಹೆಚ್ಚು ದಿನ ಹೀಗೆ ನಡೆಯುವುದಿಲ್ಲ ಎನಿಸಿತು. ಗುಂಡು ಸಣ್ಣದಾಗಬೇಕು. ಸಣ್ಣದಾದರೆ ಸದ್ದಾಗುವುದಿಲ್ಲ, ಕಸದ ಜೊತೆ ಹೋಗಿಬಿಡುತ್ತದೆ.

ಇವರ ಬಂದೂಕು ಬಿಚ್ಚಿ ಜೋಡಿಸುವಂಥದು. ಹಿಡಿ, ಬೆರಳಲ್ಲಿ ಎಳೆಯುವ ಕುದುರೆ ಎಲ್ಲ ಹಾಗೇ ಇಟ್ಟುಕೊಂಡು, ನಳಿಗೆ ಮತ್ತೆ ಕೆಲವು ಸಾಮಾನು ಬದಲಾಯಿಸಿದರೆ ಬೇರೆ ಅಳತೆಯ ತೋಟಾ ಹೊಡೆಯಬಹುದು. ಹೀಗೆ ಮಾಡಬಹುದೆಂದು ಎಲ್ಲರೂ ಬಲ್ಲರು, ಮಾಡಿದವರು ಯಾರೂ ಇಲ್ಲ. ಉಳಿದವರ ಬಂದೂಕುಗಳೆಲ್ಲ ಅಜ್ಜಂದಿರ ಕಾಲದ ಒಂದೇ ಕಟ್ಟಿನವು. ಬಿಚ್ಚುವ ಬಂದೂಕು ಬಂದದ್ದೇ ಎರಡು. ಒಂದು ಇವರದು, ಇನ್ನೊಂದು ಹಿಂದಿನ ಬೀದಿಯ ಹಾಲಪ್ಪನವರದು. ಹಾಲಪ್ಪನವರು ಸಣ್ಣ ತೋಟಾದ್ದನ್ನೇ ಇಟ್ಟುಕೊಂಡಿದ್ದರು. ಅವರು ತೀರಿಕೊಂಡು ಮೂರು ವರ್ಷವಾಗಿತ್ತು.

"ನಿಮ್ಮ ಭುಜ ನೋಡ್ರೀ, ಹೇಗೆ ಕಪ್ಪಗಾಗಿದೆ" ಎಂದು ಒಂದು ದಿನ ಎಣ್ಣೆ ತಿಕ್ಕುತ್ತಾ ಶುರು ಮಾಡಿದೆ. "ಆ ದಪ್ಪ ತೋಟಾ ಒದೆಯೋ ಒದೆತಕ್ಕೆ ಮೂಳೆ ಮುರಿದುಹೋದ್ರೆ ಯಾರು ನೋಡ್ಕೊಳ್ಳೋದು? ಸಣ್ಣದಕ್ಕೆ ಬದಲಾಯಿಸ್ಕೊಳ್ಳಿ."

"ಸಣ್ಣ ತೋಟಾದಲ್ಲಿ ಹೊಡೆಯೋದಕ್ಕೆ ನಾನೇನು ಹಾಲಪ್ಪನಾ?"

"ಸಣ್ಣದರಲ್ಲಿ ಗುರಿ ಇಡೋದು ಜಾಸ್ತಿ ಕಷ್ಟವಂತೆ. ಅದಕ್ಕೇ ಪಾಪ ಹಾಲಪ್ಪನವರಿಗೆ ಆಗ್ತಿರಲಿಲ್ಲ."

ಈ ಮಾತು ನಾಟಿತು. ಇವರನ್ನು ಕರೆದೊಯ್ಯಬೇಕಾದರೆ ಕಷ್ಟದ ದಾರಿಯನ್ನೇ ತೋರಿಸಬೇಕೆಂದು ನಲವತ್ತು ವರ್ಷದ ಸಂಸಾರದಲ್ಲಿ ಕಲಿತಿದ್ದೇನೆ.

ಹಾಲಪ್ಪನವರ ಹೆಂಡತಿ ರುದ್ರಾಂಬಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವರು. ಹಾಲಪ್ಪನವರಷ್ಟು ಗುರಿ ತಪ್ಪಿದವರು ನಮ್ಮೂರಲ್ಲಿ ಬೇರೆ ಇರಲಿಲ್ಲ. ಹತ್ತಕ್ಕೆ ಆರು ಏಳು ಮನೆಗೆ ಬರುತ್ತಿದ್ದವು. ಮದುವೆಯಾದ ಮೂವತ್ತೊಂದು ವರ್ಷ ರುದ್ರಾಂಬಕ್ಕ ಬೆಳಗಾದರೆ ಸಾಕು, ಮೊರಕ್ಕೆ ಗುಂಡು ಬಳಿಯುತ್ತಾ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. ನಾವೆಲ್ಲ ಅದನ್ನೇ ಗಡಿಯಾರ ಮಾಡಿಕೊಂಡಿದ್ದೆವು. ಹಾಲಪ್ಪನವರು ಹೋದ ಮೇಲೆ ಆ ಬೀದಿಯ ಬೆಳಗು ಸಪ್ಪೆಯಾಯಿತು. ರುದ್ರಾಂಬಕ್ಕ ಬಾಗಿಲು ತೆಗೆಯುವುದೇ ಎಂಟಕ್ಕೆ. ರಂಗೋಲಿ ಇಡುವುದನ್ನೂ ಬಿಟ್ಟಿದ್ದರು. ನಾನು ಹೋಗಿ ನಳಿಗೆ ಕೇಳಿದಾಗ, "ಟ್ರಂಕಿನಲ್ಲಿ ಬಿದ್ದಿದೆ, ಎಲ್ಲಾ ತಗೊಂಡ್ಹೋಗು ತಾಯಿ. ನಿಮ್ಮೋರ ಕೈಯಲ್ಲಾದ್ರೂ ಅದು ಒಂದು ಸಲ ಹಲಗೆ ಮುಖ ನೋಡಲಿ" ಎಂದರು. ಹೇಳುವಾಗ ನಗಲಿಲ್ಲ.

ನಳಿಗೆ, ಸಣ್ಣ ತೋಟಾ ಎಲ್ಲ ಇದ್ದ ಪೆಟ್ಟಿಗೆಯನ್ನು ತಂದು ನಡುಮನೆಯಲ್ಲಿ ಚಾಪೆ ಹಾಸಿ ಕೂತೆವು. "ಮೊದಲು ಒಳಗೆ ತೋಟಾ ಇಲ್ಲ ಅಂತ ನೋಡ್ರೀ" ಎಂದೆ. "ನನಗೆ ಹೇಳಿಕೊಡ್ತೀಯಾ?" ಎಂದರೂ ಎರಡು ಸಲ ನೋಡಿದರು. ಹಳೆಯ ನಳಿಗೆ ಬಿಚ್ಚಿ ಹಾಲಪ್ಪನವರ ನಳಿಗೆ ಕೂರಿಸಿದರು. ಅದರ ಬಾಯಿಯ ಹತ್ತಿರ ಒಳಗಡೆ ಒಂದು ಗೀರು ಇತ್ತು. "ಒಂದು ನಳಿಗೆ ತೊಳೆಯೋಕ್ಕೂ ಬರ್ತಿರಲಿಲ್ಲ ಆ ಮಹಾರಾಯನಿಗೆ" ಎಂದು ಬೈದುಕೊಂಡರು. ಆಮೇಲೆ ತೋಟಾವನ್ನು ನಳಿಗೆಯೊಳಕ್ಕೆ ತಳ್ಳುವ ಬೋಲ್ಟು ಬದಲಾಯಿಸಿ, ಮುಗಿಯಿತು ಎಂದು ಕೈ ಒರೆಸಿಕೊಂಡು ಗುರಿಬಯಲಿಗೆ ಹೊರಟರು. ಅರ್ಧ ಗಂಟೆಗೆ ಮುಖ ಊದಿಸಿಕೊಂಡು ವಾಪಸು ಬಂದರು. ಸಣ್ಣ ತೋಟಾಗಳು ಒಳಗೆ ಗಲಗಲ ಅನ್ನುತ್ತಿದ್ದವೇ ಹೊರತು ಒಂದೂ ಮೇಲಕ್ಕೆ ಬರಲಿಲ್ಲವಂತೆ.

ಪೆಟ್ಟಿಗೆಯ ತಳದಲ್ಲಿ ಒಂದು ಕಾಗದವಿತ್ತು. ಅವರು ಅದನ್ನು ಓದುವುದಿಲ್ಲವೆಂದು ನನಗೆ ಗೊತ್ತು. ಓದಲಾಗುವುದಿಲ್ಲ ಎಂಬುದೂ ಗೊತ್ತು. ನಾನೇ ಗಟ್ಟಿಯಾಗಿ ಓದಿದೆ. "ನಳಿಗೆ, ಬೋಲ್ಟು, ತೋಟಾ ತುಂಬುವ ಡಬ್ಬಿ, ಈ ಮೂರನ್ನೂ ಬದಲಾಯಿಸತಕ್ಕದ್ದು. ಅನಂತರ ಬಂದೂಕಿನ ಮೇಲಿನ ದುರ್ಬೀನಿನ ಗುರಿಯನ್ನು ಹೊಸದಾಗಿ ಹೊಂದಿಸಿಕೊಳ್ಳತಕ್ಕದ್ದು." ಡಬ್ಬಿ ಹಳೆಯದೇ ಉಳಿದಿತ್ತು. ಅದನ್ನು ಬದಲಾಯಿಸಿದರು. ಗುರಿ ಹೊಂದಿಸುವ ಮಾತೆತ್ತಿದಾಗ ಎದ್ದು ನಿಂತರು. "ಅದೆಲ್ಲ ಹೊಸಬರಿಗೆ ಕಣೇ. ನನ್ನ ಕಣ್ಣೇ ನನಗೆ ಸಾಕು." ಆ ಕಣ್ಣಿನಿಂದ ಬಾಗಿಲು ಹುಡುಕಿಕೊಂಡು ಹೊರಗೆ ಹೋದರು. ಹತ್ತು ಸಲ ಗುಂಡು ಸಿಡಿದ ಸದ್ದು ಅಡಿಗೆಮನೆಗೆ ಕೇಳಿತು. ನಾಳೆ ಬೆಳಿಗ್ಗೆ ಒಂದು ಮೊರ ತುಂಬುತ್ತದೆ ಎಂದುಕೊಂಡೆ.

ಬೆಳಿಗ್ಗೆ ಹೊಸ್ತಿಲ ಮೇಲೆ ಒಂದೂ ಇರಲಿಲ್ಲ. ಗೋಣಿಚೀಲ ಕೊಡವಿದೆ, ತುಳಸಿಕಟ್ಟೆ ಸುತ್ತ ಹುಡುಕಿದೆ, ಚರಂಡಿಯಲ್ಲೂ ಬಗ್ಗಿ ನೋಡಿದೆ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಕಣ್ಣು ಕಾಣದವರು ಗುರಿಯನ್ನೂ ಹೊಂದಿಸದೆ ಹತ್ತಕ್ಕೆ ಹತ್ತು ಹೊಡೆಯುವುದು ಹೇಗೆ? ಎರಡು ವರ್ಷದಲ್ಲಿ ಮೊದಲ ಬಾರಿ ಆರು ಗಂಟೆಯವರೆಗೆ ಮಲಗಿದೆ. ಸುಖವಾಗಿ ನಿದ್ದೆ ಬಂದಿತು, ಸುಳ್ಳೇಕೆ ಹೇಳಲಿ.

ನಾಲ್ಕನೇ ದಿನ ಕೆಂಪಕ್ಕ ಹಾಲು ಸುರಿಯುವುದನ್ನೂ ಮರೆತು ನಿಂತಳು. "ಕೇಳಿದ್ರಾ ತುಂಗಮ್ಮಾರೇ? ಹಾಲಪ್ನೋರ ಮನೇಗೆ ಗುಂಡು ಬೀಳ್ತಾ ಅವೆ!"

ಓಡಿದೆ. ಬೀದಿಯ ತಿರುವಿನಲ್ಲಿಯೇ ರುದ್ರಾಂಬಕ್ಕನ ಗಂಟಲು ಕೇಳಿತು. ಮೂರು ವರ್ಷದ ಮೇಲೆ ಕೇಳಿದ ಆ ಗಂಟಲು. "ಎಂಟು! ಬದುಕಿದ್ದಾಗ್ಲೂ ಏಳರ ಮೇಲೆ ಗುರಿ ತಪ್ಪಿದ್ದಿಲ್ಲ ಈ ಮನುಷ್ಯ! ಅಲ್ಲಿ ಹೋಗಿ ಇಷ್ಟು ದಿನ ಏನು ಕಲ್ತರಂತೆ? ಹೇಳಿಕೊಡೋರು ಯಾರೂ ಇಲ್ವಾ ಅಲ್ಲಿ?" ಮೊರ ಹಿಡಿದು ನಿಂತಿದ್ದರು. ಬಾಗಿಲ ಮುಂದೆ ಹೊಸ ರಂಗೋಲಿ. ಹೊಸ್ತಿಲ ಹತ್ತಿರ ಒಂದಿಷ್ಟು ಜಾಗ ಬಿಟ್ಟು ಹಾಕಿದ್ದರು, ಬೀಳುವವಕ್ಕೆ ತೊಂದರೆಯಾಗಬಾರದೆಂದು. ನನ್ನನ್ನು ನೋಡಿ, "ಬಾರೇ ತುಂಗಾ, ಇಲ್ನೋಡು ನಮ್ಮೋರ ಸಾಹಸ" ಎಂದು ನಕ್ಕರು. ಕಣ್ಣಲ್ಲಿ ನೀರಿತ್ತು. ಬೇಡವೆಂದರೂ ಕೂರಿಸಿ ಉಪ್ಪಿಟ್ಟು ಮಾಡಿಕೊಟ್ಟರು. ಹಿತ್ತಾಳೆ ಬಟ್ಟಲಿನಲ್ಲಿ ಆ ಸಣ್ಣ ಗುಂಡುಗಳನ್ನು ಕುಂಕುಮದ ಪಕ್ಕದಲ್ಲೇ ಇಟ್ಟಿದ್ದರು.

ಒಂದನ್ನು ಎತ್ತಿ ನೋಡಿದೆ, ನಮ್ಮವರು ಹೊಡೆಯುವ ಸಣ್ಣ ತೋಟಾದ್ದೇ. ತಪ್ಪಿದ ಗುಂಡು ಹೊಡೆದವನ ಕೈಯನ್ನು ಹುಡುಕಿಕೊಂಡು ಬರುತ್ತದೆ ಎಂದು ನಾವೆಲ್ಲ ನಂಬಿದ್ದೆವು. ನಂಬದೆ ಏನು? ಒಬ್ಬರ ನಳಿಗೆಯನ್ನು ಇನ್ನೊಬ್ಬರ ಬಂದೂಕಿಗೆ ಹಾಕಿದವರು ಯಾರಿದ್ದರು? ಗುಂಡು ಬರುವುದು ಕೈಗಲ್ಲ, ನಳಿಗೆ ಯಾರದೋ ಅವರ ಮನೆಗೆ. ಉಗ್ರಪ್ಪನ ಗುಂಡು ತಪ್ಪುತ್ತದೆಂಬ ಅನುಮಾನ ಊರಿನಲ್ಲಿ ಯಾರಿಗೂ ಇರಲಿಲ್ಲ, ರುದ್ರಾಂಬಕ್ಕನಿಗಂತೂ ಇಲ್ಲವೇ ಇಲ್ಲ. ನಾನು ಎರಡು ವರ್ಷ ಗುಡಿಸಿ ಗುಡಿಸಿ ಕಟ್ಟಿದ ಕೀರ್ತಿ ಈಗ ಸತ್ತವರನ್ನು ಬದುಕಿಸಿ ಕೂರಿಸಿತ್ತು.

ಏನು ಮಾಡಲಿ? ಹೇಳಿದರೆ ರುದ್ರಾಂಬಕ್ಕ ಗಂಡನನ್ನು ಎರಡನೇ ಸಲ ಕಳೆದುಕೊಳ್ಳುತ್ತಾರೆ, ನನ್ನ ಗಂಡ ಬೀದಿಯಲ್ಲಿ ತಲೆ ತಗ್ಗಿಸುತ್ತಾರೆ. ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ. ದಿನಾ ಸಂಜೆ ಇವರು ಎದೆ ಉಬ್ಬಿಸಿ ಹೋಗಿ ಹತ್ತು ಹೊಡೆಯುವುದು, ದಿನಾ ಬೆಳಿಗ್ಗೆ ಹಿಂದಿನ ಬೀದಿಯಲ್ಲಿ ಬೈಗುಳ ಕೇಳುವುದು. ರುದ್ರಾಂಬಕ್ಕ ಸೀರೆಗೆ ಇಸ್ತ್ರಿ ಹಾಕತೊಡಗಿದರು. ಇವರು ಕಾಫಿ ಕುಡಿಯುತ್ತಾ, "ಹಾಲಪ್ಪ ಸತ್ತ ಮೇಲೂ ಸುಧಾರಿಸಲಿಲ್ಲ ನೋಡು" ಎಂದು ಕನಿಕರದಿಂದ ತಲೆಯಾಡಿಸಿದರು. ನನಗೆ ನಗು ತಡೆಯಲಾಗದೆ ಒಲೆ ಕಡೆಗೆ ತಿರುಗಿಕೊಂಡೆ.

ಇಪ್ಪತ್ತು ದಿನ ಹೀಗೆ ಸಾಗಿತು. ಒಂದು ಬೆಳಿಗ್ಗೆ ಇವರೇ, ಹಾಲಪ್ಪನ ಗುಂಡು ಹೇಗಿದೆ ನೋಡಿಬರುತ್ತೇನೆ ಎಂದು ಹೊರಟರು. ತಡೆಯಲು ನನಗೆ ಒಂದು ನೆಪವೂ ಹೊಳೆಯಲಿಲ್ಲ. ವಾಪಸು ಬಂದವರು ಚಪ್ಪಲಿ ಬಿಡದೆ ಜಗುಲಿಯ ಮೇಲೆ ಕೂತರು. ಅಂಗೈಯಲ್ಲಿ ಒಂದು ಸಣ್ಣ ಗುಂಡಿತ್ತು. ಅದರ ಮೇಲಿನ ಗೆರೆಯನ್ನು ಉಗುರಿನಿಂದ ಮತ್ತೆ ಮತ್ತೆ ಸವರುತ್ತಿದ್ದರು. ನಳಿಗೆಯೊಳಗಿನ ಗೀರು ಹಾಕಿದ ಗೆರೆ. ಕಣ್ಣಿಗೆ ಕಾಣದಿದ್ದರೂ ಭೂಮಿ ಅಳೆದ ಬೆರಳಿಗೆ ಸಿಕ್ಕಿತ್ತು.

"ತುಂಗಾ, ಎಷ್ಟು ದಿನದಿಂದ?"

"ಇಪ್ಪತ್ತು ದಿನದಿಂದ."

"ಅದಲ್ಲ. ಅದಕ್ಕೆ ಮುಂಚೆ."

ನಾಲ್ಕು ಮಡಿಕೆಯ ಗೋಣಿಚೀಲವನ್ನೇ ನೋಡುತ್ತಿದ್ದರು. ನಾನು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಬಂದೂಕನ್ನು ಅಟ್ಟಕ್ಕೆ ಹಾಕಿದರು. ಊಟಕ್ಕೆ ಕರೆದರೆ ಬಂದರು, ತಿಂದರು, ಎದ್ದರು. ಐದು ಗಂಟೆಗೆ ಎಲ್ಲರೂ ಗುರಿಬಯಲಿಗೆ ಹೋಗುವಾಗ ಗೋಡೆ ಕಡೆ ಮುಖ ಮಾಡಿ ಮಲಗಿದರು. ನಾನು ಯಾವುದಕ್ಕೆ ಹೆದರಿ ಎರಡು ವರ್ಷ ನಿದ್ದೆಗೆಟ್ಟೆನೋ ಅದೇ ಆಗಿತ್ತು, ಅದೂ ನನ್ನ ಕೈಯಿಂದಲೇ. ಆ ನಾಲ್ಕು ದಿನ ನಾನು ಅಡಿಗೆಮನೆಯಲ್ಲಿ ನಿಂತು ಅತ್ತಿದ್ದೇನೆ.

ಐದನೇ ದಿನ ಬೆಳಿಗ್ಗೆ ರುದ್ರಾಂಬಕ್ಕನೇ ನಮ್ಮ ಮನೆಗೆ ಬಂದರು. ತಲೆ ಬಾಚಿರಲಿಲ್ಲ. ಇವರು ಒಳಗೆ ಕೋಣೆಯಲ್ಲಿ ಮಲಗಿದ್ದರು, ಬಾಗಿಲು ತೆರೆದೇ ಇತ್ತು.

"ತುಂಗಾ, ನಾಲ್ಕು ದಿನ ಆಯ್ತು ಕಣೇ, ಒಂದೂ ಬಂದಿಲ್ಲ" ಎಂದರು. "ಏನಾದ್ರೂ ಹುಷಾರು ತಪ್ಪಿದಾರೇನೋ ಅಲ್ಲಿ. ಇಲ್ಲಾ, ನಾನು ಬೈದಿದ್ದು ಜಾಸ್ತಿ ಆಯ್ತೋ ಏನೋ. ಎಂಟು ಬಿತ್ತು ಅಂತ ಅಷ್ಟು ಜೋರಾಗಿ ಅನ್ನಬಾರದಿತ್ತು. ಮೊದಲಿಂದ ಸೂಕ್ಷ್ಮ ಮನಸ್ಸು ಅವರದು."

ನಾನು ಅವರ ಕೈ ಹಿಡಿದುಕೊಂಡೆ. ಅವರು ಹೋದ ಮೇಲೆ ಒಳಗಿನಿಂದ ಮಂಚ ಕಿರ್ ಎಂದಿತು. ಇವರು ಎದ್ದು ಬಂದು ಏಣಿ ಕೇಳಿದರು.

ಆ ಸಂಜೆ ಮೊದಲು ಹಳೆಯ ನಳಿಗೆ ಹಾಕಿದರು. ದಪ್ಪ ತೋಟಾ ಹತ್ತು ಹೊಡೆದರು. ಆಮೇಲೆ ಎಲ್ಲರೂ ಕಡಲೆಪುರಿ ತಿನ್ನಲು ಹೋದ ಮೇಲೆ ಅಲ್ಲೇ ಕೂತು, ನಳಿಗೆ, ಬೋಲ್ಟು, ಡಬ್ಬಿ, ಮೂರನ್ನೂ ಕೈಯಲ್ಲಿ ತಡವಿ ಬದಲಾಯಿಸಿ, ಗುಡ್ಡದ ಖಾಲಿ ಮಣ್ಣಿನ ಕಡೆಗೆ ಎರಡು ಸಣ್ಣ ಗುಂಡು ಹೊಡೆದು ಬಂದರಂತೆ. ಮನೆಗೆ ಬಂದು ಗೋಣಿಚೀಲವನ್ನು ಸುತ್ತಿ ಹಿತ್ತಲಿಗೆ ಎಸೆದರು. ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಹೊಸ್ತಿಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಟಣ್, ಟಣ್ ಎಂದು ಆರು ಬಿದ್ದವು. ಒಂದೊಂದಕ್ಕೂ ಅವರ ಭುಜ ಅದುರಿತು. ಕೆಂಪಕ್ಕ ಬಂದಾಗ ತಾವೇ, "ಆರು ಕಣಮ್ಮ, ಸರಿಯಾಗಿ ಎಣಿಸ್ಕೋ" ಎಂದರು. ಅವಳು ಆ ದಿನ ನಮಗೆ ಹಾಲು ಹಾಕುವುದನ್ನೇ ಮರೆತು ಓಡಿದಳು.

ನಾನು ಹೆದರಿದಂತೆ ಜನ ನಗಲಿಲ್ಲ. ನಕ್ಕರು, ಆದರೆ ಆ ತರಹ ಅಲ್ಲ. ಇಷ್ಟು ವರ್ಷ ನಮ್ಮ ಜಗುಲಿ ಹತ್ತದಿದ್ದವರು ಹತ್ತಿ ಕೂತು, ತಮ್ಮ ತಮ್ಮ ಪೊರೆ, ಮಂಡಿ, ಕೈನಡುಕ ಎಲ್ಲವನ್ನೂ ಇವರ ಮುಂದೆ ಬಿಚ್ಚಿಟ್ಟರು. ಅವರಲ್ಲೊಬ್ಬರು ಕಣ್ಣಿನ ಡಾಕ್ಟರ ವಿಳಾಸ ಕೊಟ್ಟರು. ಇವರು ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು, ದುರ್ಬೀನಿನ ಗುರಿಯನ್ನೂ ಕಾಗದ ನೋಡಿಯೇ ಹೊಂದಿಸಿಕೊಂಡರು. ಈಗ ನಮ್ಮ ಹೊಸ್ತಿಲಿಗೆ ದಿನಕ್ಕೆ ಒಂದೋ ಎರಡೋ ಬೀಳುತ್ತವೆ. ಅವನ್ನು ಗುಡಿಸುವ ಕೆಲಸ ಅವರದೇ.

ಕೊನೆಯ ಎರಡು ಸಣ್ಣ ಗುಂಡು ಮಾತ್ರ ನಿಂತಿಲ್ಲ. ತಾನು ಬೈದದ್ದಕ್ಕೆ ಮುನಿಸಿಕೊಂಡು ದಿನಕ್ಕೆ ಎರಡೇ ಹೊಡೆಯುತ್ತಾರೆ, ಆ ಎರಡೂ ತಪ್ಪುತ್ತವೆ ಎಂದು ರುದ್ರಾಂಬಕ್ಕ ಅಂದುಕೊಂಡಿದ್ದಾರೆ. ಕಣ್ಣು ಸರಿಯಾದ ಮೇಲೆ ಅದೇ ಅವರಿಗೆ ಕಷ್ಟದ ಕೆಲಸವಾಗಿದೆ. ಬಂದೂಕು ಭುಜಕ್ಕೆ ಬಂದೊಡನೆ ಕೈ ತನ್ನಷ್ಟಕ್ಕೆ ಹಲಗೆ ಕಡೆಗೆ ತಿರುಗುತ್ತದಂತೆ. ಮೊನ್ನೆ ಸಂಜೆ ಬಹಳ ಸಪ್ಪಗೆ ಮನೆಗೆ ಬಂದರು.

"ಒಂದು ತಪ್ಪಾಯ್ತು ಕಣೇ."

"ಏನ್ರೀ?"

"ಒಂದು ಗುರಿಗೆ ಬಿದ್ದುಬಿಡ್ತು."

ಬೆಳಿಗ್ಗೆ ಕೆಂಪಕ್ಕನ ಹಾಲಿಗೂ ಕಾಯದೆ ಹಿಂದಿನ ಬೀದಿಗೆ ಹೋದೆ. ಬೈಗುಳ ಕೇಳಿಸಲಿಲ್ಲ. ರುದ್ರಾಂಬಕ್ಕ ಹೊಸ್ತಿಲ ಮುಂದೆ ಕೂತಿದ್ದರು, ಮಡಿಲಲ್ಲಿ ಮೊರ, ಮೊರದಲ್ಲಿ ಒಂದೇ ಒಂದು ಗುಂಡು. ನಾನು ಸಮಾಧಾನದ ಮಾತು ಹುಡುಕುತ್ತಿರುವಾಗಲೇ ತಲೆ ಎತ್ತಿದರು. ಮುಖವೆಲ್ಲ ನಗು.

"ಇವತ್ತು ಒಂದೇ ಕಣೇ ತುಂಗಾ! ಕಲೀತಿದಾರೆ! ಮೂವತ್ತೊಂದು ವರ್ಷ ನಾನು ಬಡ್ಕೊಂಡಿದ್ದು ಈಗ ಕಿವಿಗೆ ಬಿದ್ದಿದೆ ನೋಡು. ಆಗಲ್ಲ ಆಗಲ್ಲ ಅಂತಿದ್ರು, ಆಯ್ತೋ ಇಲ್ವೋ?"

ಮನೆಗೆ ಬಂದು ಹೇಳಿದೆ. ಇವರು ಹಾಲಪ್ಪನವರ ನಳಿಗೆಗೆ ಎಣ್ಣೆ ಹಾಕಿ ಒರೆಸುತ್ತಿದ್ದರು. ಕೈ ನಿಂತಿತು. ಒರೆಸುವ ಬಟ್ಟೆ ಪಕ್ಕಕ್ಕಿಟ್ಟು ಕೇಳಿದರು.

"ಹಾಗಾದ್ರೆ ಇವತ್ತು ಎರಡನ್ನೂ ಹಲಗೆಗೇ ಹೊಡೆದುಬಿಡ್ಲೇನೇ? ಇನ್ನೂ ಸಂತೋಷಪಡ್ತಾರೆ."

"ಬೇಡ ಕಣ್ರೀ" ಎಂದೆ. "ಪೂರ್ತಿ ಕಲಿತುಬಿಟ್ರೆ ಮತ್ತೆ ಮನೆಗೆ ಬರೋದೇ ಇಲ್ಲ. ನಿಧಾನವಾಗಿ ಕಲೀಲಿ."